ಲಾಟೀನಮ್ಮನ ವಂಶವೃಕ್ಷ

ಆ ಬೆಳಿಗ್ಗೆ ಆಕಾಶವು, ಅರ್ಜಿಯನ್ನು ಮಂಜೂರು ಮಾಡಲೂ ಆಗದೆ ತಳ್ಳಿಹಾಕಲೂ ಆಗದೆ ಮುಂದಿಟ್ಟುಕೊಂಡ ಅಧಿಕಾರಿಯಂತೆ ಮುಖ ಗಂಟಿಕ್ಕಿಕೊಂಡು ಕೂತಿತ್ತು. ಮಳೆಯಿಲ್ಲ, ಬಿಸಿಲಿಲ್ಲ, ಗಾಳಿ ರಜೆಯ ಮೇಲೆ ಹೋಗಿತ್ತು. ಪುರಸಭೆಯ ಹಿಂಭಾಗದ ಜನನ-ಮರಣ ಕೋಣೆಯಲ್ಲಿ ಗುಮಾಸ್ತರು ಏಳು ಗಂಟೆಗೇ ಬಂದು, ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದರು. ಇಪ್ಪತ್ತಾರು ವರ್ಷಗಳ ನೌಕರಿಯಲ್ಲಿ ಅವರು ಹತ್ತೂಕಾಲಿಗೆ ಮೊದಲು ಬಂದದ್ದು ಇದೇ ಮೊದಲು. ಬೀಗ ತೆಗೆದ ಕಾವಲುಗಾರ, "ಮನೇಲಿ ಜಗಳಾನಾ ಸರ್?" ಎಂದು ಮೆಲ್ಲಗೆ ಕೇಳಿ ಹೋಗಿದ್ದ.

ಜಗಳವಲ್ಲ, ವರ್ಗಾವಣೆ. ಊರಾಚೆ ಕಸದ ಗುಡ್ಡದ ಬುಡದಲ್ಲಿ ಪುರಸಭೆ ಹೊಸದೊಂದು ಕಚೇರಿ ತೆರೆದಿತ್ತು. ಬರುವ ಕಸದ ಗಾಡಿಗಳನ್ನು ಎಣಿಸಿ ಬರೆದುಕೊಳ್ಳಲು ಅಲ್ಲಿಗೊಬ್ಬರು ಬೇಕಾಗಿದ್ದರು. ಜನನ-ಮರಣ ವಿಭಾಗದಲ್ಲಿ ಇದ್ದವರು ಇಬ್ಬರೇ: ಒಬ್ಬರು ಗುಮಾಸ್ತರು, ಇನ್ನೊಬ್ಬರು ರಿಜಿಸ್ಟರಿನಿಂದ ನಕಲು ಬರೆದು ಕೊಡುವ ಹೆಂಗಸು. ಊರು ಆಕೆಯನ್ನು ನಕಲಮ್ಮ ಎನ್ನುತ್ತಿತ್ತು. ಇಬ್ಬರಲ್ಲಿ ಒಬ್ಬರು ಸೋಮವಾರದಿಂದ ಗುಡ್ಡಕ್ಕೆ ಹೋಗಬೇಕು. ಅಧ್ಯಕ್ಷರು ಆದೇಶವನ್ನು ಟೈಪ್ ಮಾಡಿಸಿ, ಹೆಸರಿನ ಜಾಗವೊಂದನ್ನು ಖಾಲಿ ಬಿಟ್ಟು, ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರು. ಗುಮಾಸ್ತರ ಮೂಗೋ ಬಲು ಸೂಕ್ಷ್ಮ. ಪಕ್ಕದ ಮನೆಯಲ್ಲಿ ಹಾಲು ಸೀದರೆ ಇವರಿಗೆ ಇಲ್ಲಿ ತಲೆನೋವು. ಆ ಗುಡ್ಡದ ಬುಡದಲ್ಲಿ ದಿನಕ್ಕೆ ಎಂಟು ಗಂಟೆ ಕೂರುವುದನ್ನು ನೆನೆದು ಮೂರು ರಾತ್ರಿಯಿಂದ ಅವರಿಗೆ ನಿದ್ದೆಯಿರಲಿಲ್ಲ.

ಈ ಆತಂಕಕ್ಕೆ ಇನ್ನೊಂದು ಕೆಲಸ ಜೊತೆಗೂಡಿತ್ತು. ಅಂದು ಸಂಜೆ ನಾಲ್ಕಕ್ಕೆ ಹೆರಿಗೆ ಆಸ್ಪತ್ರೆಯ ಹೊಸ ವಾರ್ಡಿಗೆ ಲಾಟೀನಮ್ಮನ ಹೆಸರಿಡುವ ಸಮಾರಂಭವಿತ್ತು. ಲಾಟೀನಮ್ಮ ಪರದೇಶದ ದೊರೆಗಳ ಕಾಲದ ಸೂಲಗಿತ್ತಿ. ಕೈಯಲ್ಲಿ ಲಾಟೀನು ಹಿಡಿದು ಕರೆದವರ ಮನೆಗೆಲ್ಲ ನಡೆದುಹೋಗಿ ಊರಿಗೆ ಊರನ್ನೇ ಭೂಮಿಗಿಳಿಸಿದವಳು. ಆಸ್ಪತ್ರೆಯ ಗೋಡೆಯ ಮೇಲೆ ಆಕೆಯ ಒಂದು ಚಿತ್ರವಿದೆ. ಚಿತ್ರದ ಕೆಳಗೆ, ಬಾಲವನ್ನು ಸುತ್ತಿಕೊಂಡು ಮಲಗಿದ ಬೆಕ್ಕಿನಂಥ ದುಂಡನೆಯ ಸಹಿ. ಒಂಬತ್ತು ವರ್ಷ ದುಡಿದು, ಜ್ವರದ ವರ್ಷದಲ್ಲಿ ರೋಗಿಗಳ ನಡುವೆಯೇ ಕಣ್ಣು ಮುಚ್ಚಿದಳೆಂಬುದನ್ನು ಬಿಟ್ಟರೆ ಆಕೆಯ ಗಂಡ ಯಾರು, ಮಕ್ಕಳಿದ್ದರೇ ಎಂಬುದು ಯಾರಿಗೂ ಗೊತ್ತಿರಲಿಲ್ಲ. "ಅವಳ ವಂಶದವರು ಒಬ್ಬರಾದ್ರೂ ಬಂದು ಪರದೆ ಎಳೀಬೇಕು ಕಣ್ರೀ. ಇಲ್ದಿದ್ರೆ ಸಭೆಗೆ ಕಳೆ ಇರಲ್ಲ. ಹುಡುಕಿ," ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದರು.

ಹೀಗೆ ಗುಮಾಸ್ತರು ವರ್ಷಗಟ್ಟಲೆಯ ಧೂಳು ಕೊಡವಿ, ದೊರೆಗಳ ಕಾಲದ ಜನನ ರಿಜಿಸ್ಟರನ್ನು ಮೇಜಿನ ಮೇಲೆ ಹರಡಿದ್ದರು.

ಅವರು ರಿಜಿಸ್ಟರ್ ನೋಡುವ ಬಗೆಯನ್ನು ಇಲ್ಲಿ ಹೇಳಲೇಬೇಕು. ಒಂದು ಉದ್ದನೆಯ ರಟ್ಟಿನ ಪಟ್ಟಿ. ನಡುವೆ ಒಂದೇ ಒಂದು ಸಾಲು ಕಾಣುವಷ್ಟು ಕಿಂಡಿ. ಪುಟದ ಮೇಲೆ ಅದನ್ನಿಟ್ಟರೆ ಬೇಕಾದ ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಮುಚ್ಚಿಹೋಗುತ್ತದೆ. ಒಬ್ಬರ ಸಾಲಿನಿಂದ ಇನ್ನೊಬ್ಬರ ಸಾಲಿಗೆ ಕಣ್ಣು ಜಾರಬಾರದೆಂದು ಗುಮಾಸ್ತರೇ ನೌಕರಿಯ ಮೊದಲ ವರ್ಷ ಕತ್ತರಿಸಿ ಮಾಡಿಕೊಂಡದ್ದು. ಅದರಿಂದಲೇ ಅವರಿಗೆ ಕಿಂಡಿ ಗುಮಾಸ್ತರು ಎಂಬ ಬಿರುದು ಬಂದಿತ್ತು. ದೇವರು ಜಗತ್ತನ್ನೆಲ್ಲ ನೋಡಲಿ ಎಂದು ಮನುಷ್ಯನಿಗೆ ಎರಡು ಕಣ್ಣು ಕೊಟ್ಟ. ಗುಮಾಸ್ತರು ಅದು ಹೆಚ್ಚಾಯಿತೆಂದು ಒಂದು ಕಿಂಡಿ ಮಾಡಿಕೊಂಡರು. ನಾವೂ ಹಾಗೆ ಒಂದೊಂದು ಕಿಂಡಿ ಮಾಡಿಕೊಂಡವರೇ. ಅವರದು ರಟ್ಟಿನದು, ಅಷ್ಟೇ.

ಎಲ್ಲಿಂದ ಶುರು ಮಾಡುವುದು ತಿಳಿಯಲಿಲ್ಲ. ಕೈಗೆ ಸಿಕ್ಕ ಗೊತ್ತಿರುವ ಹೆಸರು ತಮ್ಮ ಅಜ್ಜನದೇ. ಸುಮ್ಮನೆ, ಅಭ್ಯಾಸಕ್ಕೆಂಬಂತೆ, ಅಜ್ಜನ ಸಾಲಿಗೆ ಪಟ್ಟಿ ಇಟ್ಟರು. ತಾರೀಖು, ಬೀದಿ, ಗಂಡು, ತಂದೆಯ ಹೆಸರು ಎಲ್ಲ ಸರಿಯಿತ್ತು. ಕೊನೆಗೆ 'ತಾಯಿಯ ಸಹಿ' ಎಂಬ ಕಾಲಂ. ಅದರಲ್ಲಿ, ಬಾಲ ಸುತ್ತಿಕೊಂಡು ಮಲಗಿದ ಬೆಕ್ಕು!

ಗುಮಾಸ್ತರು ಎದ್ದು ನಿಂತರು. ಕೂತರು. ಮತ್ತೆ ಎದ್ದರು.

ಅವರ ಮನೆಯಲ್ಲಿ ಅಜ್ಜನ ಅಪ್ಪನ ಹೆಸರು ಗೊತ್ತಿತ್ತು, ಅವನ ಅಪ್ಪನ ಹೆಸರು ಗೊತ್ತಿತ್ತು, ಅವನು ಸಾಕಿದ್ದ ಕುದುರೆಯ ಹೆಸರೂ ಗೊತ್ತಿತ್ತು. ಅಜ್ಜನ ತಾಯಿಯ ಹೆಸರನ್ನು ಮಾತ್ರ ಯಾರೂ ನೆನಪಿಟ್ಟುಕೊಂಡಿರಲಿಲ್ಲ. ಈಗ ಆ ಜಾಗದಲ್ಲಿ ಲಾಟೀನು ಹಿಡಿದು ಸಾಕ್ಷಾತ್ ಲಾಟೀನಮ್ಮ ನಿಂತಿದ್ದಳು.

ಅಷ್ಟರಲ್ಲಿ ನಕಲಮ್ಮ ಬಂದರು. ತೆಳ್ಳಗಿನ, ಮಾತು ಕಡಿಮೆಯ, ಐವತ್ತರ ಆಸುಪಾಸಿನ ಹೆಂಗಸು. ಬಲಗೈಯ ಎರಡು ಬೆರಳುಗಳಲ್ಲಿ ಸದಾ ಶಾಯಿ. ಮಧ್ಯಾಹ್ನ ಮಾತ್ರ ಎರಡು ಬೀದಿಯಾಚೆಯ ಮನೆಗೆ ಓಡಿಹೋಗಿ, ಹಾಸಿಗೆ ಹಿಡಿದ ಅಕ್ಕನಿಗೆ ಊಟ ಮಾಡಿಸಿ ಬರುತ್ತಿದ್ದರು. ಗುಡ್ಡಕ್ಕೆ ಹೋದರೆ ಆ ಊಟಕ್ಕೆ ಕುತ್ತು. ಆದರೂ ವರ್ಗಾವಣೆಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

"ನೋಡಿ ಬನ್ನಿ ನಕಲಮ್ಮ! ನಾನು ಯಾರು ಗೊತ್ತಾ?" ಎಂದರು ಗುಮಾಸ್ತರು.

"ಗುಮಾಸ್ತರು," ಎಂದರು ನಕಲಮ್ಮ, ಚೀಲ ಕೆಳಗಿಡುತ್ತ.

"ಅಲ್ರೀ! ಲಾಟೀನಮ್ಮನ ಮರಿಮಗ! ಬೇಗ ಇದರ ನಕಲು ಬರೀರಿ."

ನಕಲಮ್ಮ ಕಿಂಡಿಯಲ್ಲಿ ಇಣುಕಿದರು. ಸ್ವಲ್ಪ ಹೊತ್ತು ನೋಡಿದರು. "ಪಟ್ಟಿ ತೆಗೆದು ಹಿಂದುಮುಂದಿನ ಸಾಲೂ ಒಂದ್ಸಲ ನೋಡಿದ್ರೆ ಒಳ್ಳೇದಿತ್ತು ಸರ್."

"ಇನ್ನೊಬ್ಬರ ಸಾಲು ನಮಗ್ಯಾಕೆ? ನಿಯಮ ಅಂದ್ರೆ ನಿಯಮ. ಬರೀರಿ."

ನಕಲಮ್ಮ ಬರೆದರು. ಶಾಯಿ ಆರುವ ಮೊದಲೇ ಗುಮಾಸ್ತರು ಅದನ್ನು ಅಧ್ಯಕ್ಷರ ಮನೆಗೆ ಒಯ್ದರು.

ಅಧ್ಯಕ್ಷರು ಹಲ್ಲುಜ್ಜುತ್ತ ಓದಿ, ನೊರೆಯ ನಡುವಿನಿಂದಲೇ ಉದ್ಗರಿಸಿದರು. "ಏನ್ರೀ ಇದು! ಮನೇಲಿ ನಿಧಿ ಇಟ್ಕೊಂಡು ಊರೆಲ್ಲ ಅಗೀತಿದ್ದೀರಲ್ಲ! ನೋಡ್ರೀ, ಈಗ ಕಾಣ್ತಿದೆ. ಅದೇ ಮೂಗು! ಚಿತ್ರದಲ್ಲಿರೋ ಮೂಗೇ ಇದು!"

"ನನಗೂ ಹಾಗೇ ಅನ್ನಿಸ್ತು ಸರ್," ಎಂದರು ಗುಮಾಸ್ತರು, ಮೂಗನ್ನು ಸ್ವಲ್ಪ ಬೆಳಕಿಗೆ ತಿರುಗಿಸಿ.

"ಪರದೆ ನೀವೇ ಎಳೀತೀರಿ. ಆ ಗುಡ್ಡದ ವಿಚಾರ ಮರೆತುಬಿಡಿ. ಲಾಟೀನಮ್ಮನ ಮರಿಮಗನ್ನ ಕಸ ಎಣಿಸೋಕೆ ಕಳಿಸಿದ್ರೆ ಜನ ನನ್ನ ಉಳಿಸ್ತಾರಾ? ನಕಲಮ್ಮನ ಹೆಸರು ಬರೆದುಬಿಡ್ತೀನಿ. ಹೋಗಿ, ನೀಟಾಗಿ ಗಡ್ಡ ಗಿಡ್ಡ ಮಾಡಿಸ್ಕೊಳ್ಳಿ."

ನಕಲಮ್ಮನ ಹೆಸರು ಕೇಳಿದಾಗ ಗುಮಾಸ್ತರ ಎದೆಯಲ್ಲಿ ಒಂದು ಮುಳ್ಳು ಚುಚ್ಚಿದ್ದು ನಿಜ. ಆದರೆ ಮೆಟ್ಟಿಲಿಳಿಯುವಷ್ಟರಲ್ಲಿ ಅದು ಉದುರಿಹೋಗಿತ್ತು.

ಮನೆಗೆ ಬಂದು ಹೆಂಡತಿಯ ಮುಂದೆ ಕಾಗದ ಹಿಡಿದರು. ಆಕೆ ಓದಿ, "ನಿಮ್ಮಜ್ಜ ಸೈಕಲ್ ರಿಪೇರಿ ಮಾಡ್ತಿದ್ರು ಅಂತ ತಾನೇ ನಮ್ಮಪ್ಪ ನಿಮ್ಮನ್ನ ಒಪ್ಪೋಕೆ ಒಂದು ವರ್ಷ ತಗೊಂಡಿದ್ದು?" ಎಂದಳು.

"ಆ ಸೈಕಲ್ಲಿನ ಹಿಂದೆ ಎಂಥಾ ತಾಯಿ ಇದ್ಲು ನೋಡು! ನಿಮ್ಮ ಮನೆತನದಲ್ಲಿ ಯಾರಿದ್ದಾರೆ ಹೇಳು, ಇಂಥವರು ಒಬ್ಬರು?"

ಈ ಕೊನೆಯ ಮಾತನ್ನು ಆಡಬಾರದಿತ್ತು ಎಂದು ಗುಮಾಸ್ತರಿಗೆ ಮಧ್ಯಾಹ್ನ ಅನ್ನಿಸಿತು. ಆಗ ಅನ್ನಿಸಲಿಲ್ಲ. ಹೆಂಡತಿ ತುಟಿ ಬಿಗಿದು ಒಳಗೆ ಹೋದಳು. ಅದೇ ಹೊತ್ತಿಗೆ ಕಾಂಪೌಂಡು ಗೋಡೆಯ ಮೇಲೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ತಲೆ, ಕುಂಡದಲ್ಲಿಟ್ಟ ಎಲೆಕೋಸಿನಂತೆ, ಮೂಡಿತು.

"ಕಿವಿಗೆ ಬಿತ್ತು. ಆ ರಿಜಿಸ್ಟರ್‌ನಲ್ಲಿ ನಮ್ಮಜ್ಜಂದೂ ಇರುತ್ತಾ?" ಎಂದರು ಮೇಷ್ಟ್ರು.

"ಇರುತ್ತೆ ಮೇಷ್ಟ್ರೇ. ಆದ್ರೆ ಎಲ್ಲರ ತಾಯೀನೂ ಲಾಟೀನಮ್ಮ ಆಗೋಕಾಗುತ್ತಾ?" ಎಂದು ಗುಮಾಸ್ತರು ದೊಡ್ಡ ಮನಸ್ಸಿನಿಂದ ನಕ್ಕರು.

ಆಮೇಲೆ ಕ್ಷೌರದಂಗಡಿ. ಕುರ್ಚಿಯಲ್ಲಿ ಒರಗಿ, ಮುಖದ ತುಂಬ ಸೋಪಿನ ನೊರೆ ಹಚ್ಚಿಸಿಕೊಂಡು, ಗುಮಾಸ್ತರು ಕಥೆ ಶುರು ಮಾಡಿದರು. ಒಳ್ಳೆಯ ಕಥೆ ಹೇಳುತ್ತ ಹೇಳುತ್ತ ಬೆಳೆಯುತ್ತದೆ. ಎಡಗೆನ್ನೆ ಮುಗಿಯುವಷ್ಟರಲ್ಲಿ ಲಾಟೀನಮ್ಮ ದೊರೆಯ ಹೆಂಡತಿಗೇ ಹೆರಿಗೆ ಮಾಡಿಸಿದ್ದಳು. ದೊರೆ ಟೋಪಿ ತೆಗೆದು ವಂದಿಸಿದ್ದ.

"ನಮ್ಮ ರಕ್ತದಲ್ಲೇ ಬಂದಿದೆ ನೋಡಪ್ಪ, ಜನಸೇವೆ," ಎಂದರು ಗುಮಾಸ್ತರು.

"ಹೌದು ಸರ್. ಹೋದ ತಿಂಗಳು ನಮ್ಮ ಹುಡುಗಿ ಜನನ ಪತ್ರಕ್ಕೆ ಏಳು ಸಲ ಓಡಾಡಿಸಿದ್ರಲ್ಲ," ಎಂದ ಕ್ಷೌರಿಕ, ಕತ್ತಿ ಮಸೆಯುತ್ತ.

ಗುಮಾಸ್ತರು ಉತ್ತರ ಯೋಚಿಸುವಷ್ಟರಲ್ಲಿ ಮೇಷ್ಟ್ರು ಏದುಸಿರು ಬಿಡುತ್ತ ಅಂಗಡಿಗೆ ನುಗ್ಗಿದರು. ಕೈಯಲ್ಲಿ ಹಸಿ ಶಾಯಿಯ ನಕಲು.

"ತಮ್ಮಾ!" ಎಂದು ಕೂಗಿ, ನೊರೆಸಮೇತ ಗುಮಾಸ್ತರನ್ನು ತಬ್ಬಿಕೊಂಡರು. "ನಮ್ಮಜ್ಜನ ತಾಯಿಯ ಸಹಿಯೂ ಅದೇ ಕಣೋ! ನಿನ್ನಜ್ಜ ನನ್ನಜ್ಜ ಒಡಹುಟ್ಟಿದವರು! ಹದಿನೆಂಟು ವರ್ಷ ಗೋಡೆ ಮಧ್ಯೆ ಇಟ್ಕೊಂಡು ಬದುಕಿದ್ವಲ್ಲೋ!"

ಗುಮಾಸ್ತರಿಗೆ ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ. "ಆದ್ರೆ ಮೇಷ್ಟ್ರೇ, ನಿಮ್ಮಜ್ಜನ ಅಪ್ಪ ಬೇರೆ, ನಮ್ಮಜ್ಜನ ಅಪ್ಪ ಬೇರೆ."

ಮೇಷ್ಟ್ರು ಗಂಭೀರವಾದರು. "ನಿಮ್ಮವರು ಮೊದಲೇ ತೀರಿಕೊಂಡಿರಬೇಕು. ಪಾಪ, ಆಮೇಲೆ ನಮ್ಮ ಮನೆಗೆ ಬಂದಿದ್ದಾಳೆ."

"ನಿಮ್ಮವರೇ ಯಾಕೆ ಮೊದಲು ತೀರಿಕೊಂಡಿರಬಾರದು?"

ಇಬ್ಬರೂ ಪರಸ್ಪರರ ಮುತ್ತಜ್ಜನನ್ನು ಕೊಲ್ಲುತ್ತಿರುವಾಗ ಕ್ಷೌರಿಕ ಕತ್ತಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. "ಸರ್, ನಮ್ಮಜ್ಜ ಇದೇ ಊರಲ್ಲಿ ಹುಟ್ಟಿದ್ದು. ಒಂದು ನಿಮಿಷ, ಬಂದೆ," ಎಂದವನೇ ಕಾಲಿಗೆ ಬುದ್ಧಿ ಹೇಳಿದ.

ಒಂದು ನಿಮಿಷ ಹತ್ತಾಯಿತು, ಹತ್ತು ನಲವತ್ತಾಯಿತು. ಬಲಗೆನ್ನೆಯ ನೊರೆ ಒಣಗಿ, ಹಳೇ ಗೋಡೆಯ ಸುಣ್ಣದಂತೆ ಉದುರತೊಡಗಿತು. ಕನ್ನಡಿಯಲ್ಲಿ ಗುಮಾಸ್ತರ ಎಡಭಾಗ ವೇದಿಕೆಗೆ ಸಿದ್ಧವಾಗಿತ್ತು. ಬಲಭಾಗ ಕಸದ ಗುಡ್ಡಕ್ಕೆ. ಕೊನೆಗೆ ಟವೆಲಿನಿಂದ ಮುಖ ಒರೆಸಿಕೊಂಡು, ಬಲಗೆನ್ನೆಯ ಮೇಲೆ ಕೈಯಿಟ್ಟು, ಹಲ್ಲುನೋವಿನವರಂತೆ ಕಚೇರಿಯ ಕಡೆ ನಡೆದರು.

ಕಚೇರಿಯ ಮುಂದೆ ಸಾಲು ಬೆಳೆದಿತ್ತು. ಬಾಗಿಲಿನಿಂದ ಹೊರಟು, ನೀರಿನ ತೊಟ್ಟಿಯನ್ನು ಸುತ್ತಿ, ಗೇಟಿನಾಚೆ ಬೀದಿಗಿಳಿದಿತ್ತು. ನಕಲಮ್ಮ ಕಿಟಕಿಯ ಹಿಂದೆ ತಲೆ ತಗ್ಗಿಸಿ ಬರೆಯುತ್ತಿದ್ದರು. ಬರೆದು, ಮೊಹರೊತ್ತಿ, ಕಿಟಕಿಯಿಂದ ಕೊಡುವುದು. ಪಡೆದವರು ಓದಿ ಕೂಗುವುದು. ಮೊದಲೇ ಪಡೆದವರು ಬಂದು ತಬ್ಬಿಕೊಳ್ಳುವುದು. ಅಂಗಳ ತುಂಬ ಅಣ್ಣಂದಿರು, ತಮ್ಮಂದಿರು. ವರ್ಷಗಟ್ಟಲೆ ಮಾತು ಬಿಟ್ಟಿದ್ದವರು ಹೆಗಲ ಮೇಲೆ ಕೈ ಹಾಕಿಕೊಂಡಿದ್ದರು. ಅದನ್ನು ನೋಡಿದರೆ, ದೇವರು ಎಂದೋ ಮಾಡಬೇಕೆಂದುಕೊಂಡ ಕೆಲಸವನ್ನು ಒಂದು ಸರ್ಕಾರಿ ನಮೂನೆ ಮಾಡಿಬಿಟ್ಟಿತೇನೋ ಅನ್ನಿಸುವಂತಿತ್ತು.

"ಅಣ್ಣಾ!" ಎಂದು ಕ್ಷೌರಿಕ ಓಡಿಬಂದ. "ನಾನೂ ನಿಮ್ಮವನೇ! ಗಡ್ಡ ನಾಳೆ ಮಾಡ್ತೀನಿ, ಮನೆಯವರ ಹತ್ರ ಏನು ಅವಸರ!"

ಗುಮಾಸ್ತರು ಜನರನ್ನು ಸೀಳಿಕೊಂಡು ಒಳಗೆ ಹೋಗುವಷ್ಟರಲ್ಲಿ ಇನ್ನೊಂದು ದನಿ, ತಣ್ಣಗೆ, ಹಿಂದಿನಿಂದ ಬಂತು.

"ಅಣ್ಣಾ."

ತಿರುಗಿ ನೋಡಿದರೆ ಹೆಂಡತಿ. ಕೈಯಲ್ಲಿ ಕಾಗದ.

"ನಿಮ್ಮ ಮನೆತನದಲ್ಲಿ ಯಾರಿದ್ದಾರೆ ಅಂತ ಕೇಳಿದ್ರಲ್ಲ. ತಗೊಳ್ಳಿ. ನಮ್ಮಜ್ಜನ ತಾಯೀನೂ ಅವಳೇ. ನಿಮ್ಮಜ್ಜನೂ ನಮ್ಮಜ್ಜನೂ ಅಣ್ಣತಮ್ಮಂದಿರು. ಅಂದ್ರೆ ನಿಮ್ಮಪ್ಪ ನಮ್ಮಪ್ಪ ಅಣ್ಣತಮ್ಮಂದಿರು. ಅಂದ್ರೆ ನೀವು?"

ಗುಮಾಸ್ತರು ಬೆರಳು ಮಡಿಸಿ ಎಣಿಸಿದರು. ಎಣಿಸಿದಷ್ಟೂ ಅಣ್ಣನೇ ಆಗುತ್ತಿದ್ದರು.

"ಇಪ್ಪತ್ತೆರಡು ವರ್ಷದಿಂದ ನಾನು ನಿಮ್ಮ ತಂಗಿ. ಯಾರಿಗಾದ್ರೂ ಹೇಳೋ ಮಾತಾ ಇದು?" ಹೆಂಡತಿಯ ಕಣ್ಣಲ್ಲಿ ನಗುವೋ ಸಿಟ್ಟೋ ಗೊತ್ತಾಗಲಿಲ್ಲ. "ನಿಮ್ಮ ಹಾಸಿಗೆ ಹಜಾರದಲ್ಲಿ ಹಾಕಿದ್ದೀನಿ. ತಂಗಿ ಮನೆ ಅಂತ ಸಂಕೋಚ ಬೇಡ, ಎಷ್ಟು ದಿನ ಬೇಕಾದ್ರೂ ಇರಿ."

ಸಾಲಿನಲ್ಲಿದ್ದವರೆಲ್ಲ ಇದನ್ನು ಕೇಳಿಸಿಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಅಂಗಳದಲ್ಲಿ ಗಂಡಹೆಂಡಿರು ಬೇಕಾದಷ್ಟು ಮಂದಿ ಇದ್ದರು. ತಬ್ಬಿಕೊಂಡಿದ್ದ ಕೈಗಳು ಮೆಲ್ಲಮೆಲ್ಲಗೆ ಕೆಳಗಿಳಿದವು. ಮುಂದಿನ ತಿಂಗಳು ಮದುವೆ ನಿಶ್ಚಯಿಸಿದ್ದ ಎರಡು ಮನೆಯವರು ಗೇಟಿನ ಬಳಿ ಪಿಸುಗುಟ್ಟತೊಡಗಿದರು. ಯಾರೋ ಹಿಂದಿನಿಂದ, "ಅಲ್ರೀ, ಆಯಮ್ಮನಿಗೆ ಗಂಡಂದಿರು ಎಷ್ಟು ಮಂದಿ?" ಎಂದು ಕೇಳಿಯೇಬಿಟ್ಟರು.

ಎರಡೂವರೆಗೆ ಅಧ್ಯಕ್ಷರಿಂದ ಕರೆ ಬಂತು. ಅವರ ಮೇಜಿನ ಮೇಲೂ ಒಂದು ನಕಲು ಇತ್ತು.

"ನಾನೂ ಅವಳ ಮರಿಮಗನೇ ಅಂತೆ," ಎಂದರು ಅಧ್ಯಕ್ಷರು. ಬೆಳಗಿನ ಉತ್ಸಾಹ ಮುಖದಲ್ಲಿರಲಿಲ್ಲ. "ಬೆಳಿಗ್ಗೆ ಒಬ್ಬರಿದ್ರಿ. ಈಗ ಅರವತ್ಮೂರು ಜನ. ವೇದಿಕೆ ಮೇಲೆ ಕುರ್ಚಿ ಒಂಬತ್ತು. ಅದಿರಲಿ, ಒಂದೇ ದಿನ ಮೂರು ಬೀದೀಲಿ ಮೂರು ಮಕ್ಕಳನ್ನ ಹೆತ್ತಿದ್ದಾಳಲ್ರೀ, ಮೂರು ಗಂಡಂದಿರಿಗೆ! ಆಸ್ಪತ್ರೆಗೆ ಹೆಸರಿಡೋಕೆ ಹೊರಟಿದ್ದೀವೋ, ಸತ್ತುಹೋದ ಪುಣ್ಯಾತ್ಗಿತ್ತಿ ಮಾನ ಕಳೆಯೋಕೋ?"

"ಸರ್, ಅದು..."

"ಅದೂ ಇಲ್ಲ ಇದೂ ಇಲ್ಲ. ಅರ್ಧ ಗಂಟೆ ಕೊಡ್ತೀನಿ. ನಿಜವಾದ ವಾರಸುದಾರರು ಯಾರು, ಒಂದೇ ಹೆಸರು, ಬರೆದು ಸಹಿ ಹಾಕಿ ಕೊಡಿ. ನಿಮ್ಮದೇ ಆದ್ರೆ ನಿಮ್ಮದೇ. ತಪ್ಪು ಅಂತ ಗೊತ್ತಾಯ್ತೋ, ಸೋಮವಾರ ಗುಡ್ಡಕ್ಕೆ ನಿಮ್ಮನ್ನೇ ಎತ್ತಿ ಹಾಕ್ತೀನಿ. ಮತ್ತೆ ಮುಖಕ್ಕೇನಾಯ್ತು? ಒಂದೇ ಕಡೆ ವಯಸ್ಸಾಗಿದೆ?"

ಗುಮಾಸ್ತರು ಕೋಣೆಗೆ ಬಂದು, ಬಾಗಿಲು ಹಾಕಿಕೊಂಡು, ರಿಜಿಸ್ಟರಿನ ಮುಂದೆ ಕುಸಿದು ಕೂತರು. ನಕಲಮ್ಮ ಕಿಟಕಿಯ ರೆಕ್ಕೆ ಎಳೆದು, ಬೆರಳುಗಳನ್ನು ಒರೆಸಿಕೊಳ್ಳುತ್ತಿದ್ದರು.

"ಈಗಲಾದ್ರೂ ಆ ಪಟ್ಟಿ ತೆಗೀರಿ ಸರ್," ಎಂದರು.

ತೆಗೆದರು. ತೆಗೆದು, "ದೇವರೇ" ಎಂದರು.

ಪುಟದ ಮೇಲಿನಿಂದ ಕೆಳಗಿನವರೆಗೆ, ಸಾಲು ಸಾಲಿಗೂ, ಅದೇ ಬೆಕ್ಕು ಬಾಲ ಸುತ್ತಿಕೊಂಡು ಮಲಗಿತ್ತು. ಮುಂದಿನ ಪುಟದಲ್ಲೂ. ಅದರ ಮುಂದಿನ ಪುಟದಲ್ಲೂ. ಇಡೀ ರಿಜಿಸ್ಟರು ಬೆಕ್ಕಿನ ಸಂತೆಯಾಗಿತ್ತು.

"ಹೆತ್ತವರಿಗೆ ಬರಹ ಬರ್ತಿರಲಿಲ್ಲ ಸರ್," ಎಂದರು ನಕಲಮ್ಮ. "ಕಾಲಂನಲ್ಲಿ ಸಹಿ ಇಲ್ದಿದ್ರೆ ಮಗು ಹುಟ್ಟೇ ಇಲ್ಲ ಅಂತಿದ್ರು ದೊರೆಗಳು. ಅದಕ್ಕೆ ಹೆರಿಗೆ ಮಾಡಿಸಿದವಳೇ ಎಲ್ಲರ ಪರವಾಗಿ ಹಾಕಿದ್ದಾಳೆ. ಅಷ್ಟೇ."

"ನಿಮಗೆ ಯಾವಾಗ ಗೊತ್ತಾಯ್ತು?"

"ಬೆಳಿಗ್ಗೆ ಅನುಮಾನ ಇತ್ತು, ಹೇಳಿದೆ. ಕ್ಷೌರಿಕರದು ಬರೆಯೋವಾಗ ಖಾತ್ರಿ ಆಯ್ತು."

"ಮತ್ತೆ ಅರವತ್ತು ನಕಲು ಯಾಕ್ರೀ ಕೊಟ್ರಿ?"

"ಇದ್ದದ್ದನ್ನ ಇದ್ದ ಹಾಗೆ ಬರೆಯೋದು ನನ್ನ ಕೆಲಸ," ಎಂದರು ನಕಲಮ್ಮ. ಆಮೇಲೆ ಕಿಟಕಿಯ ಕಡೆ ತಿರುಗಿ, "ಇಷ್ಟು ವರ್ಷದಲ್ಲಿ ತಾಯಿಯ ಹೆಸರು ಕೇಳ್ಕೊಂಡು ಈ ಕಿಟಕಿಗೆ ಯಾರೂ ಬಂದಿರಲಿಲ್ಲ ಸರ್. ಇವತ್ತು ಬಂದ್ರು. ಹೇಗೆ ಹಿಂದಕ್ಕೆ ಕಳಿಸಲಿ?"

ಹೊರಗೆ ಯಾರೋ ಬಾಗಿಲು ಬಡಿದರು. ಮದುವೆ ಮನೆಯವರು. ನಕಲಮ್ಮ ಅವರನ್ನು ಸಮಾಧಾನ ಮಾಡಲು ಹೊರಗೆ ಹೋದರು. ಗುಮಾಸ್ತರು ಒಬ್ಬರೇ ಪುಟ ತಿರುವುತ್ತ ಹೋದರು. ಅಜ್ಜನ ನಿಜವಾದ ತಾಯಿ ಯಾರೆಂಬುದು ಆ ಬೆಕ್ಕಿನ ಹೊಟ್ಟೆಯೊಳಗೆ ಸೇರಿಹೋಗಿತ್ತು. ಬೆಳಿಗ್ಗೆ ಹೊಸ ಮುತ್ತಜ್ಜಿಯನ್ನು ಸಂಪಾದಿಸಲು ಹೋಗಿ, ಮಧ್ಯಾಹ್ನದ ಹೊತ್ತಿಗೆ ಇದ್ದ ಮುತ್ತಜ್ಜಿಯನ್ನೂ ಕಳೆದುಕೊಂಡ ಜಾಣ ಈ ಭೂಮಿಯ ಮೇಲೆ ತಾನೊಬ್ಬನೇ ಇರಬೇಕು ಎಂದುಕೊಂಡರು.

ನೂರಾ ಏಳನೆಯ ಪುಟದಲ್ಲಿ ಕೈ ನಿಂತಿತು. ಅಲ್ಲೊಂದು ಸಾಲಿನಲ್ಲಿ ಬೆಕ್ಕಿರಲಿಲ್ಲ. 'ತಾಯಿಯ ಸಹಿ' ಖಾಲಿ. ತಂದೆ: ಆಸ್ಪತ್ರೆಯ ಕಾಂಪೌಂಡರ್. ಬೀದಿ: ಆಸ್ಪತ್ರೆಯ ಹಿಂದಿನ ಕೋಣೆ. ಅಕ್ಷರವೂ ಬೇರೆ, ಗಂಡಸಿನದು, ಅವಸರದ್ದು.

ಈ ಸಾಲನ್ನು ತಾನು ಹಿಂದೊಮ್ಮೆ ಕಂಡಿದ್ದೇನೆ ಎಂದು ಗುಮಾಸ್ತರಿಗೆ ಹೊಳೆಯಿತು. ಹತ್ತೊಂಬತ್ತು ವರ್ಷದ ಹಿಂದೆ ಒಬ್ಬ ಮುದುಕರು ಬಂದಿದ್ದರು. ಅಪ್ಪನನ್ನು ಜ್ವರದ ವರ್ಷದಲ್ಲಿ ಅನಾಥಾಲಯಕ್ಕೆ ಸೇರಿಸಿದರಂತೆ. ಕಾಂಪೌಂಡರನ ಮಗ ಎಂಬುದಷ್ಟೇ ಗೊತ್ತು. ಅಜ್ಜಿಯ ಹೆಸರೊಂದು ತಿಳಿದರೆ ಸಾಕು ಎಂದಿದ್ದರು. ಗುಮಾಸ್ತರು ಪಟ್ಟಿ ಇಟ್ಟು, ನೋಡಿ, 'ತಾಯಿ: ಇಲ್ಲ' ಎಂದು ಸ್ವಂತ ಕೈಯಲ್ಲಿ ಬರೆದು, ಮೊಹರೊತ್ತಿ ಕೊಟ್ಟಿದ್ದರು. ಮುದುಕರು ಅದನ್ನು ಎರಡು ಸಲ ಓದಿ, ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋಗಿದ್ದರು. ಮುಂದಿನ ವರ್ಷ ಅವರ ಮಗಳು ಇದೇ ಕೋಣೆಗೆ ನಕಲು ಬರೆಯುವ ಕೆಲಸಕ್ಕೆ ಬಂದಳು.

ಗುಮಾಸ್ತರ ಕಣ್ಣು ತಾನಾಗಿ ಬಲಕ್ಕೆ ಸರಿಯಿತು. ಪುಟದ ತುದಿಯಲ್ಲಿ ಟಿಪ್ಪಣಿಗೆಂದು 'ಷರಾ' ಎಂಬ ಕಿರಿದಾದ ಕಾಲಂ. ಅವರ ಪಟ್ಟಿಯ ಕಿಂಡಿ ಅಲ್ಲಿಯವರೆಗೆ ಬರುತ್ತಿರಲಿಲ್ಲ. ನಕಲಿನ ನಮೂನೆಯಲ್ಲೂ ಅದಕ್ಕೆ ಜಾಗವಿರಲಿಲ್ಲ. ಅಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಕಾಂಪೌಂಡರ್ ಬರೆದಿದ್ದ:

'ಸಹಿ ಹಾಕುವವಳಿಗೇ ಇಂದು ಹೆರಿಗೆ. ಕೈ ನಡುಗುತ್ತದೆ ಎನ್ನುತ್ತಾಳೆ. ಗುಣವಾದ ಮೇಲೆ ಹಾಕುವಳು.'

ಹಾಕಿರಲಿಲ್ಲ. ಅದರ ಮುಂದಿನ ಪುಟಗಳಲ್ಲಿ ಬೇರೆಯವರ ಮಕ್ಕಳಿಗೆಲ್ಲ ಮತ್ತೆ ಸಹಿ ಹಾಕಿದ್ದಳು. ಹಿಂದಕ್ಕೆ ಒಂದು ಪುಟ ತಿರುವಿ ತನ್ನ ಮಗನಿಗೆ ಹಾಕಲು ಅವಳಿಗೆ ಪುರುಸೊತ್ತಾಗಿರಲಿಲ್ಲ.

ಗುಮಾಸ್ತರು ಅಂಗೈಯನ್ನು ಆ ಷರಾದ ಮೇಲಿಟ್ಟು ಮುಚ್ಚಿದರು. ನೂರು ವರ್ಷ ಇದನ್ನು ಯಾರೂ ಓದಿಲ್ಲ. ಪಟ್ಟಿಯನ್ನು ಮತ್ತೆ ಅಜ್ಜನ ಸಾಲಿಗಿಟ್ಟು, ತಮ್ಮ ಹೆಸರು ಬರೆದು ಕೊಟ್ಟರೆ ಯಾರು ಕೇಳುತ್ತಾರೆ? ಮೂಗಿನ ಮುಂದೆ ಗುಡ್ಡದ ವಾಸನೆ ಸುಳಿದಂತಾಯಿತು. ಸಂಕಟ ಬಂದಾಗ ಅವರು ದೇವರನ್ನು ನೆನೆಯುವವರೇ. "ಸ್ವಾಮೀ, ಒಂದೇ ಒಂದು ಸುಳ್ಳು ಹೇಳೋಕೆ ಧೈರ್ಯ ಕೊಡು," ಎಂದು ಕಣ್ಣುಮುಚ್ಚಿ ಕೇಳಿಕೊಂಡರು. ದೇವರು ನಿಧಾನಿ, ಆದರೆ ಈ ಅರ್ಜಿಯನ್ನು ಕೂಡಲೇ ತಿರಸ್ಕರಿಸಿದ. ಕಣ್ಣು ಬಿಟ್ಟಾಗ, ಅಂಗೈಯ ಕೆಳಗೆ ಮುಚ್ಚಿಟ್ಟದ್ದು ಬೆಂಕಿಯ ಕೆಂಡವೋ ಎಂಬಂತೆ ಗುಮಾಸ್ತರ ಕೈ ತಾನಾಗಿಯೇ ಮೇಲೆದ್ದಿತ್ತು.

ಅವರು ರಿಜಿಸ್ಟರನ್ನೇ ಹೊತ್ತುಕೊಂಡು ಅಧ್ಯಕ್ಷರ ಬಳಿ ಹೋದರು.

ಅಧ್ಯಕ್ಷರು ಷರಾವನ್ನು ಮೂರು ಸಲ ಓದಿದರು. "ಅಂದ್ರೆ ನಾನು ಅವಳ ಮರಿಮಗ ಅಲ್ಲ?"

"ಅಲ್ಲ ಸರ್. ನಾನೂ ಅಲ್ಲ. ಊರಲ್ಲಿ ಅವಳ ಸಹಿ ಇಲ್ಲದವರು ಯಾರೋ ಅವರೊಬ್ಬರೇ ಅವಳ ವಂಶ. ನಕಲಮ್ಮನವರ ಮನೆ."

"ಆಕೆಗೆ ಗೊತ್ತಾ?"

"ಇನ್ನೂ ಇಲ್ಲ ಸರ್."

ಅಧ್ಯಕ್ಷರು ಗುಮಾಸ್ತರನ್ನು ನೋಡಿದರು, ಎಡಗೆನ್ನೆಯಿಂದ ಬಲಗೆನ್ನೆಯವರೆಗೆ. "ಒಂದು ಮಾತು ಕೇಳ್ತೀನಿ. ಇದನ್ನ ಮುಚ್ಚಿಟ್ಟಿದ್ರೆ ನೀವು ಬಚಾವಾಗ್ತಿದ್ರಿ ಅಲ್ವಾ?"

"ಹೌದು ಸರ್. ಅಷ್ಟು ಬುದ್ಧಿ ಇದ್ದಿದ್ರೆ ಇಪ್ಪತ್ತಾರು ವರ್ಷ ಇದೇ ಕುರ್ಚೀಲಿ ಇರ್ತಿದ್ನಾ?"

ಅಧ್ಯಕ್ಷರು ಡ್ರಾಯರು ಎಳೆದು ಆದೇಶ ತೆಗೆದರು. "ಲಾಟೀನಮ್ಮನ ಮರಿಮಗಳನ್ನ ಗುಡ್ಡಕ್ಕೆ ಕಳಿಸೋಕಾಗಲ್ಲ. ಉಳಿದವರು ನೀವೊಬ್ಬರೇ." ಖಾಲಿ ಜಾಗ ತುಂಬುವುದಕ್ಕೆ ಅವರಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. "ತಗೊಳ್ಳಿ. ಅಲ್ಲಿ ಕಿಂಡಿ ಪಟ್ಟಿ ಬೇಕಾಗಲ್ಲ ಬಿಡಿ. ಲಾರಿ ದೊಡ್ಡದಾಗೇ ಕಾಣುತ್ತೆ."

ಸಮಾರಂಭ ನಡೆಯಿತು. ಅಂಗಳದಲ್ಲಿ ಅರವತ್ಮೂರು ಮಂದಿ ಮಾಜಿ ಮರಿಮಕ್ಕಳು ಸ್ವಲ್ಪ ಹಗುರಾಗಿ, ಸ್ವಲ್ಪ ಬೇಸರವಾಗಿ ನಿಂತಿದ್ದರು. ಮದುವೆ ಮನೆಯವರು ಮಾತ್ರ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಪರದೆ ಎಳೆಯಲು ಕರೆದಾಗ ನಕಲಮ್ಮ ತಪ್ಪು ಕೋಣೆಗೆ ಬಂದವರಂತೆ ಸುತ್ತ ನೋಡಿದರು. ಶಾಯಿ ಹತ್ತಿದ ಬೆರಳುಗಳಿಂದ ಹಗ್ಗ ಹಿಡಿದು ಮೆಲ್ಲಗೆ ಎಳೆದರು. ಗೋಡೆಯ ಮೇಲೆ ಹೆಸರು ಕಾಣಿಸಿತು. ಆಕೆ ತಿರುಗಿ ಜನರನ್ನು ನೋಡಲೇ ಇಲ್ಲ. ಹೆಸರಿನ ಮುಂದೆಯೇ ನಿಂತುಬಿಟ್ಟರು.

ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಬಲಗೆನ್ನೆ ಇಟ್ಟು ನಿಂತಿದ್ದ ಗುಮಾಸ್ತರ ಪಕ್ಕಕ್ಕೆ ಹೆಂಡತಿ ಬಂದಳು.

"ರೀ," ಎಂದಳು.

ಆ ಒಂದಕ್ಷರ ಕೇಳಿ ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು.

"ಹಾಸಿಗೆ ಒಳಗೆ ಹಾಕ್ತೀನಿ. ಆದ್ರೆ ಸೋಮವಾರದಿಂದ ಸ್ನಾನ ಮಾಡದೆ ಒಳಗೆ ಬರಬೇಡಿ," ಎಂದಳು. ಆಮೇಲೆ ತುಸು ಯೋಚಿಸಿ, "ಅಲ್ಲಾ, ಹಾಗಾದ್ರೆ ನಿಮ್ಮಜ್ಜನ ತಾಯಿ ಯಾರು?"

"ಗೊತ್ತಿಲ್ಲ. ಪಟ್ಟಿ ತೆಗೆದ್ರೂ ಗೊತ್ತಾಗಲಿಲ್ಲ."

ಐದೂವರೆಗೆ ಗುಮಾಸ್ತರು ಕೋಣೆಯಲ್ಲಿ ತಮ್ಮ ಸಾಮಾನು ಕಟ್ಟಿಕೊಳ್ಳುತ್ತಿದ್ದರು. ಸಾಮಾನೆಂದರೆ ಒಂದು ಲೋಟ, ಕೂರುವ ದಿಂಬು, ಕಾಲು ಮುರಿದ ಕನ್ನಡಕ. ಆಮೇಲೆ ಕುರ್ಚಿಯಲ್ಲಿ ಕೊನೆಯ ಸಲವೆಂಬಂತೆ ಕೂತು, ನೂರಾ ಏಳನೆಯ ಪುಟ ತೆರೆದು, ಒಂದು ಖಾಲಿ ನಮೂನೆ ಎಳೆದುಕೊಂಡರು. ಅವರ ಅಕ್ಷರ ಚೆನ್ನಾಗಿರಲಿಲ್ಲ. ಅದಕ್ಕೇ ನಕಲು ಬರೆಯಲು ಬೇರೆಯವರನ್ನು ಇಟ್ಟದ್ದು. ಆದರೂ ನಾಲಗೆಯನ್ನು ತುಟಿಯಂಚಿಗೆ ತಂದು, ಮೊದಲ ತರಗತಿಯ ಹುಡುಗನಂತೆ ಒಂದೊಂದೇ ಅಕ್ಷರ ತಿದ್ದಿ ಬರೆದರು. ನಮೂನೆಯಲ್ಲಿ ಇಲ್ಲದ ಷರಾ ಕಾಲಂ ಒಂದನ್ನು ಅಂಚಿನಲ್ಲಿ ತಾವೇ ಗೆರೆ ಎಳೆದು ಸೇರಿಸಿದರು. ನಿಯಮದಲ್ಲಿ ಇದಕ್ಕೆ ಅವಕಾಶವಿರಲಿಲ್ಲ.

ನಕಲಮ್ಮ ಚೀಲ ತೆಗೆದುಕೊಳ್ಳಲು ಬಂದರು. ಕಣ್ಣು ಕೆಂಪಾಗಿತ್ತು. ಗುಡ್ಡದ ಸಂಗತಿ ಅವರಿಗೂ ತಿಳಿದಿತ್ತು.

"ಸರ್, ನಿಮಗೆ..." ಎಂದು ಶುರುಮಾಡಿ ನಿಲ್ಲಿಸಿದರು.

"ಅದೇನು ಬಿಡಿ. ಹತ್ತೊಂಬತ್ತು ವರ್ಷದ ಹಿಂದೆ ನಿಮ್ಮಪ್ಪ ಈ ಕಿಟಕಿಗೆ ಬಂದಿದ್ರು," ಎಂದರು ಗುಮಾಸ್ತರು. ಎದ್ದು ನಿಂತು, ಮೊಹರಿನ ಶಾಯಿ ಆರಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ತಾಯಿಯ ಜಾಗದಲ್ಲಿ ಹೆಸರಿದ್ದ ಆ ಕಾಗದವನ್ನು ಮಡಿಸದೆ, ಎರಡೂ ಕೈಗಳಲ್ಲಿ ಹಿಡಿದು ನಕಲಮ್ಮನಿಗೆ ಕೊಟ್ಟರು.